ಚಾಚಾ ಬರೆದ ನಾಲ್ಕನೆಯ ಸಾಲು

ಅಟ್ಟದ ಮೇಲಿಂದ ಇಳಿಸಿದ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಬೆಸುಗೆಯ ರಾಳದ ವಾಸನೆ. ಇಷ್ಟು ದಿನದ ಮೇಲೂ ಅದು ಹೋಗಿಲ್ಲವೆಂದರೆ ಮೈಕಿನ ಅಂಗಡಿಯಲ್ಲಿದ್ದಾಗ ಈ ರಟ್ಟು ಅದೆಷ್ಟು ಹೊಗೆ ಕುಡಿದಿತ್ತೋ... ಮುಚ್ಚಳದ ಒಳಮೈಗೆ ಅಂಟಿಸಿದ ಚೀಟಿ ಹಳದಿಯಾಗಿದೆ, ಟೇಪು ಒಣಗಿ ಎದ್ದಿದೆ. ತಕ್ಷಣ ಅದನ್ನು ಓದಲು ಹೋಗಲಿಲ್ಲ. ಓದುವುದೇನಿದೆ? ಮೊದಲ ಮೂರು ಸಾಲು ನನಗೆ ಬಾಯಿಪಾಠ. ಬೆಟಗೇರಿಯ ಒಂದಿಡೀ ರಸ್ತೆಗೆ ಕೇಳುವ ಹಾಗೆ ಮೈಕಿನಲ್ಲಿ ಓದಿದವಳು ನಾನು.

ಡಬ್ಬಿ ಇಳಿಸಲು ಕಾರಣ ನನ್ನ ಅಣ್ಣನ ಮಗಳು. ಈಚೆಗಷ್ಟೇ ಮುಂಡರಗಿ ಕಡೆಯ ಶಾಲೆಯೊಂದಕ್ಕೆ ಟೀಚರಾಗಿ ಸೇರಿದ್ದಾಳೆ. ಮಕ್ಕಳ ಗದ್ದಲ ತಾಳಲಾರದೆ ಫೋನಿನಲ್ಲೇ ಒಂದು ಕಾಲರ್ ಮೈಕು ತರಿಸಿಕೊಂಡಳು. ಅದು ಎರಡನೆಯ ವಾರಕ್ಕೇ ಕರಕರ ಅನ್ನತೊಡಗಿತು. ಅತ್ತೆಯ ಹಳೆಯ ಮೈಕು ಇದ್ದರೆ ಕೊಡಲಿ ಎಂದು ಅದನ್ನೂ ಹಿಡಿದುಕೊಂಡು ಮನೆಗೆ ಬಂದಳು. ಹೊಸ ಮೈಕಿನ ಜೊತೆ ಬಂದ ಕಾಗದವನ್ನು ಬಿಚ್ಚಿ ನೋಡಿದೆ. ಅಕ್ಷರಗಳು ಎಳ್ಳಿನ ಕಾಳಿಗಿಂತ ಸಣ್ಣವು. ಹತ್ತಾರು ಭಾಷೆಗಳಿದ್ದವು, ಕನ್ನಡ ಇರಲಿಲ್ಲ. ಇದು ರೇಡಿಯೊದ ಹಾಗೆ ಗಾಳಿಯಲ್ಲಿ ಯಾವ ನಂಬರಿನ ಮೇಲೆ ನಡೆಯುತ್ತದೆ, ನಮ್ಮೂರಲ್ಲಿ ಎಷ್ಟು ದಿನ ನಡೆಯುತ್ತದೆ ಎಂದು ಹುಡುಕಿ ಹುಡುಕಿ ಕಣ್ಣು ನೋವು ಬಂತು. ನೀನಾದರೂ ಓದಿದ್ದೆಯಾ ಎಂದರೆ, ಫೋನಿನಲ್ಲಿ 'ಒಪ್ಪಿದೆ' ಎಂಬುದನ್ನು ಒತ್ತಿದ್ದೆ ಅತ್ತಿ ಎಂದಳು. ಸಹಾಯವಾಣಿಗೆ ಫೋನ್ ಹಚ್ಚಿದರೆ ಅಲ್ಲಿ ಒಂದು ಯಂತ್ರ, 'ದಯವಿಟ್ಟು ಜೋರಾಗಿ ಮಾತನಾಡಿ' ಎಂದು ನನಗೇ ಹೇಳಿತು. ನನಗೆ! ಜೋರಾಗಿ ಮಾತನಾಡಲು ಬರುವಂತಿದ್ದರೆ ಈ ಮೈಕುಗಳ ಸಹವಾಸ ನನಗೇಕೆ ಬೇಕಿತ್ತು?

ಆಗ ನೆನಪಾದವರು ಮೈಕ್ ಚಾಚಾ, ನೆನಪಾದದ್ದು ಅವರ ಚೀಟಿ.

ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ಅವರದೊಂದು ಕಿರಿದಾದ ಅಂಗಡಿ. ಒಳಗೆ ಬಿಚ್ಚಿಟ್ಟ ಆಂಪ್ಲಿಫೈಯರುಗಳು, ಗೋಡೆಗೆ ನೇತುಹಾಕಿದ ತಂತಿಯ ಸುರುಳಿಗಳು, ಬಾಗಿಲ ಮೇಲೆ ರಸ್ತೆಯತ್ತ ಮುಖ ಮಾಡಿದ ಒಂದು ಕರ್ಣ, ಅಂದರೆ ಕಹಳೆಯ ಬಾಯಿಯ ಧ್ವನಿವರ್ಧಕ. ಮದುವೆಗೆ, ಸಭೆಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು, ರಿಪೇರಿ ಮಾಡುತ್ತಿದ್ದರು, ಹೊಸದನ್ನು ಮಾರುತ್ತಿದ್ದರು. ಮಾರುತ್ತಿದ್ದರು ಎನ್ನುವುದು ಸುಮ್ಮನೆ ಮಾತಿಗೆ. ಕೊಳ್ಳಲು ಬಂದವರನ್ನು ಕೊಳ್ಳದ ಹಾಗೆ ಮಾಡುವುದರಲ್ಲಿ ಅವರಷ್ಟು ಪಳಗಿದವರನ್ನು ನಾನು ಕಂಡಿಲ್ಲ. ಅದಕ್ಕೆ ಕಾರಣ ಒಂದು ಕಾಗದ. ಯಾರೋ ಹೊರದೇಶದ ಹಳೆಯ ಮೈಕೊಂದನ್ನು ರಿಪೇರಿಗೆ ತಂದಿದ್ದರಂತೆ, ಅದರ ಡಬ್ಬಿಯಲ್ಲಿ ಇಂಗ್ಲಿಷಿನ ಒಂದು ಎಚ್ಚರಿಕೆ ಚೀಟಿ ಇತ್ತಂತೆ. ಚಾಚಾ ಅದನ್ನು ಒಬ್ಬ ಕಾಲೇಜಿನ ಸರ್ ಕಡೆ ಓದಿಸಿಕೊಂಡರು. ಗಾಳಿಯಲ್ಲಿ ಈ ಮೈಕುಗಳು ಓಡಾಡುವ ಜಾಗವನ್ನು ಸರಕಾರ ಫೋನಿನವರಿಗೆ ಕೊಡುತ್ತಿದೆ, ಆದ್ದರಿಂದ ಮಾರುವವನು ಕೊಳ್ಳುವವನಿಗೆ ಇದನ್ನು ಮೊದಲೇ ಬರೆದು ತಿಳಿಸಬೇಕು ಎಂಬುದು ಆ ದೇಶದ ಕಾಯ್ದೆಯಂತೆ. ನಮ್ಮಲ್ಲಿ ಅಂಥ ಕಾಯ್ದೆ ಇದೆಯೋ ಇಲ್ಲವೋ ನನಗಿಂದಿಗೂ ಗೊತ್ತಿಲ್ಲ. ಚಾಚಾನಿಗೂ ಗೊತ್ತಿರಲಿಲ್ಲ. ಆದರೆ ಅಂದಿನಿಂದ ಬೆಟಗೇರಿಯ ಆ ಒಂದು ಅಂಗಡಿಯ ಮಟ್ಟಿಗೆ ಆ ಕಾಯ್ದೆ ಜಾರಿಗೆ ಬಂತು.

ಬರೆದು ಕೊಟ್ಟಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಇವರದು ಇನ್ನೊಂದು ಕರಾರು. ತಂತಿ ಇಲ್ಲದ ಮೈಕು ಬೇಕೆಂದವರು ಅವರೇ ಬರೆದ ಚೀಟಿಯನ್ನು ಅದೇ ಮೈಕಿನಲ್ಲಿ, ಬಾಗಿಲ ಮೇಲಿನ ಕರ್ಣದಲ್ಲಿ ರಸ್ತೆಗೆ ಕೇಳುವ ಹಾಗೆ, ಪೂರ್ತಿ ಓದಬೇಕು. ಓದಿದ ಮೇಲೆಯೇ ಡಬ್ಬಿ ಕೈಗೆ. ಮೈಕಿನ ಪರೀಕ್ಷೆಯೂ ಆಯಿತು, ಗಿರಾಕಿಗೆ ತಿಳಿಸಿದ್ದೂ ಆಯಿತು ಎಂದು ಅವರ ಲೆಕ್ಕಾಚಾರ. ಕೊರ್ಲಹಳ್ಳಿಯಿಂದ ಬಂದ ಭಜನಾ ಮೇಳದ ಹಿರಿಯರಿಗೆ ಓದು ಬರುತ್ತಿರಲಿಲ್ಲ. ಚಾಚಾ ಒಂದೊಂದೇ ಮಾತು ಹೇಳಿ ಅವರ ಬಾಯಲ್ಲಿ ಹೇಳಿಸಿದರು, ಪಕ್ಕದ ಚಹಾದಂಗಡಿಯವರು ಕಡೆಗೆ ಚಪ್ಪಾಳೆ ತಟ್ಟಿದರು. ಇದನ್ನೆಲ್ಲ ಸಹಿಸಲಾರದೆ ಎಷ್ಟೋ ಮಂದಿ ಗದಗಿನ ಬೇರೆ ಅಂಗಡಿಗಳಿಗೆ ಹೋಗಿಬಿಡುತ್ತಿದ್ದರು. ನಾನೂ ಹೋಗಬೇಕಿತ್ತು ಎಂದು ಆಗ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ.

ನನಗೆ ಮೈಕು ಬೇಕಾದದ್ದು ಶೋಕಿಗಲ್ಲ. ನಾನು ಬೆಳ್ಳಟ್ಟಿಯ ಶಾಲೆಯಲ್ಲಿ ಟೀಚರಾಗಿದ್ದೆ. ದಿನವೂ ಗದಗಿನಿಂದ ಶಿರಹಟ್ಟಿಗೆ ಒಂದು ಬಸ್ಸು, ಅಲ್ಲಿಂದ ಬೆಳ್ಳಟ್ಟಿಗೆ ಇನ್ನೊಂದು. ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಪಾಠ ಮಾಡಬೇಕು, ತಗಡಿನ ಮಾಡಿನ ಮೇಲೆ ಮಂಗಗಳ ಓಟ ಬೇರೆ. ಮಾತಿನ ಕೊನೆಗೆ ದನಿ ಸೀಳತೊಡಗಿದಾಗ ಗದಗಿನ ಗಂಟಲು ಡಾಕ್ಟರ್ ಕನ್ನಡಿ ಹಿಡಿದು ನೋಡಿ, ಒಳಗೆ ಸಣ್ಣ ಗಂಟಾಗಿದೆ, ಕೂಗುವುದನ್ನು ಬಿಟ್ಟರೆ ಅದೇ ಕರಗುತ್ತದೆ, ಬಿಡದಿದ್ದರೆ ದನಿ ಹೋಗುತ್ತದೆ ಎಂದರು. ಟೀಚರಿಗೆ ದನಿ ಹೋದರೆ ಇನ್ನೇನು ಉಳಿಯಿತು? ಆದರೂ ಒಳಗೊಳಗೆ ನನಗೆ ಅವರ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ನಾನು ಹುಟ್ಟಿದ್ದು ಬೆಟಗೇರಿಯ ನೇಕಾರರ ಮನೆಯಲ್ಲಿ. ಮಗ್ಗದ ಸದ್ದಿನ ನಡುವೆ ನೀರು ಬೇಕೆಂದು ಕೇಳಲೂ ಗಂಟಲೆತ್ತಬೇಕು. ನಮ್ಮ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಲ್ಲ, ಯಾರ ದನಿಯೂ ಹೋದದ್ದನ್ನು ನೋಡಿಲ್ಲ. ನಮ್ಮ ಗಂಟಲು ಬೇರೆಯದೇ ಎಂಬ ಧಿಮಾಕು ನನಗೆ.

ಹಾಗೆಂದೇ ಒಂದು ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಚಾಚಾನ ಅಂಗಡಿಗೆ ಹೋದೆ. ಮಕ್ಕಳ ನಡುವೆ ಓಡಾಡಿಕೊಂಡು ಪಾಠ ಮಾಡುವವಳಿಗೆ ತಂತಿ ಇಲ್ಲದ್ದೇ ಬೇಕೆಂದೆ. ಅವರು ಬೆಸುಗೆ ಕಡ್ಡಿ ಕೆಳಗಿಟ್ಟು, ಕನ್ನಡಕ ಹಣೆಗೇರಿಸಿ, ನನ್ನನ್ನು ಕೂರಿಸಿ ಶುರು ಮಾಡಿದರು.

"ಇದು ಬಾಡಿಗಿ ಮನ್ಯಾಗ ಕುಂತೈತ್ರಿ ಅಕ್ಕೋರ. ಮಾಲಕ ಆ ಮನಿ ಫೋನಿನವ್ರಿಗೆ ಕೊಡಾಕ ಹತ್ಯಾನ. ಅವ್ರು ಬಂದ ದಿನ ಇದು ಹೊರಗ ಬೀಳಬೇಕು. ತಂತೀದು ತಗೋರಿ, ಅದಕ್ಕ ಯಾರ ಅಪ್ಪಣಿನೂ ಬೇಕಾಗಿಲ್ಲ."

ಬೆಳ್ಳಟ್ಟಿಗೆ ಇನ್ನೂ ಹೊಸ ಟವರ್ ಬಂದಿಲ್ಲವಲ್ಲ ಎಂದೆ. ಬಂದಿಲ್ಲ, ಬರುತ್ತದೆ ಎಂದರು. ಬಂದಾಗ ನೋಡೋಣ ಎಂದೆ. ನೋಡುವ ಹೊತ್ತಿಗೆ ನೀವು ಪಾಠದ ನಡುವೆ ಇರುತ್ತೀರಿ ಎಂದರು. ಅರ್ಧ ಗಂಟೆ ಹೀಗೇ ನಡೆಯಿತು. ನನಗೆ ತಲೆ ಚಿಟ್ಟು ಹಿಡಿಯಿತು. ಕಡೆಗೂ ಮೈಕನ್ನು ಕೈಗೆ ಕೊಟ್ಟು ಚೀಟಿ ಮುಂದಿಟ್ಟರು. ಬೇಕಿದ್ದರೆ ಸಹಿ ಮಾಡುತ್ತೇನೆ, ಓದುವುದೆಲ್ಲ ಬೇಡ ಎಂದೆ. ಸಹಿ ಎಲ್ಲರೂ ಮಾಡುತ್ತಾರೆ, ಓದುವವರು ಯಾರು ಎಂದು ಅವರು ಕರ್ಣದ ಸ್ವಿಚ್ಚು ಒತ್ತಿಯೇಬಿಟ್ಟರು.

ಓದಿದೆ. ಒಂದು, ಈ ಮೈಕು ತಂತಿ ಇಲ್ಲದ್ದು, ಗಾಳಿಯಲ್ಲಿ ಒಂದು ನಂಬರಿನ ಮೇಲೆ ನಡೆಯುತ್ತದೆ. ಎರಡು, ಆ ನಂಬರು ಫೋನಿನವರ ಪಾಲಿಗೆ ಹೋಗುವ ಸಂಭವ ಇದೆ. ಮೂರು, ನಿಮ್ಮೂರ ಟವರಿಗೆ ಅವರು ಬಂದರೆ ಈ ಮೈಕು ಕರಕರ ಅನ್ನಬಹುದು, ಬಂದ್ ಆಗಬಹುದು... ಅಷ್ಟರಲ್ಲಿ ರಸ್ತೆಯ ಆಚೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಅತ್ತೆಯ ಜೊತೆ ನಿಂತು ಸೆರಗು ಬಾಯಿಗಿಟ್ಟು ನಗುವುದು ಕಂಡಿತು. ಚಹಾದಂಗಡಿಯವರು ಲೋಟ ಹಿಡಿದು ಹೊರಗೇ ಬಂದಿದ್ದರು. ನನಗೆ ಪಿತ್ತ ನೆತ್ತಿಗೇರಿತು. ಮೈಕನ್ನು ಮೇಜಿನ ಮೇಲೆ ಕುಕ್ಕಿದೆ.

"ಸಾಕ್ರಿ ಚಾಚಾ. ಮೈಕ್ ತಗೊಳ್ಳಾಕ ಬಂದೀನಿ, ಪ್ರಮಾಣ ಮಾಡಾಕ ಅಲ್ಲ."

"ಇನ್ನೊಂದ ಸಾಲ ಉಳದೈತ್ರಿ ಅಕ್ಕೋರ," ಎಂದರು ಅವರು. ಸಿಟ್ಟೇನೂ ಇರಲಿಲ್ಲ ಆ ದನಿಯಲ್ಲಿ.

ಉಳಿದ ಸಾಲು ಏನೆಂದು ನನಗೆ ಗೊತ್ತಿರಲಿಲ್ಲವೇ? ಎಲ್ಲ ಅಂಗಡಿಗಳ ಎಲ್ಲ ಚೀಟಿಗಳ ಕೊನೆಯ ಸಾಲು ಒಂದೇ, ಒಮ್ಮೆ ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಅದನ್ನೂ ನನ್ನ ಬಾಯಲ್ಲೇ ಹೇಳಿಸಿ ಊರಿಗೆ ಕೇಳಿಸಬೇಕೆ? ಡಬ್ಬಿಯಲ್ಲಿ ಹಾಕಿಕೊಡಿ, ಮನೆಯಲ್ಲಿ ಓದಿಕೊಳ್ಳುತ್ತೇನೆ ಎಂದೆ. ಅವರು ನನ್ನನ್ನೊಮ್ಮೆ, ಚೀಟಿಯನ್ನೊಮ್ಮೆ ನೋಡಿದರು. ಆಮೇಲೆ ಪೆನ್ನು ತೆಗೆದು ಅದರ ಕೆಳಗೆ ಏನೋ ಗೀಚಿ, ಮುಚ್ಚಳದ ಒಳಗೆ ಅಂಟಿಸಿ ಕೊಟ್ಟರು. ತಮ್ಮ ಕರಾರನ್ನು ಅವರು ಮುರಿದದ್ದು ಅದೊಂದೇ ಸಲವಿರಬೇಕು, ಅದೂ ನನಗಾಗಿ. ಮನೆಗೆ ಬಂದವಳೇ ಮೈಕನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಡಬ್ಬಿಯನ್ನು ಅಟ್ಟದ ಮೇಲೆ ಎಸೆದೆ.

ಮೈಕು ಬೆಳ್ಳಟ್ಟಿಯಲ್ಲಿ ಚೆನ್ನಾಗಿ ನಡೆಯಿತು. ಮೆಲ್ಲಗೆ ಮಾತಾಡಿದರೂ ಹಿಂದಿನ ಬೆಂಚಿನವರು ತಲೆ ಎತ್ತುತ್ತಿದ್ದರು. ಗಂಟಲು ಹಗುರವಾಯಿತು. ಚಾಚಾನ ಬಾಡಿಗೆ ಮನೆಯ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಅವರ ಹಾಗೇ ಹೇಳಿ ತೋರಿಸಿ ಎಲ್ಲರನ್ನೂ ನಗಿಸಿದೆ. ಒಂದು ಬೆಳಿಗ್ಗೆ ಶಾಲೆಯ ಹಿಂದಿನ ಹಳೆಯ ಫೋನ್ ಟವರಿನ ಮೇಲೆ ಇಬ್ಬರು ಹತ್ತಿ ಏನೋ ಹೊಸ ಪೆಟ್ಟಿಗೆ ಕಟ್ಟುತ್ತಿದ್ದರು. ಕೆಲವು ದಿನ ಕಳೆದ ಮೇಲೆ, ಪದ್ಯ ಹೇಳಿಕೊಡುತ್ತಿದ್ದಾಗ, ಮೈಕಿನಿಂದ ಒಗ್ಗರಣೆ ಸಿಡಿದ ಹಾಗೆ ಸದ್ದು ಬಂತು. ಮಕ್ಕಳು ನಕ್ಕರು. ಮರುದಿನ ಅರ್ಧ ಮಾತು ಬಂತು, ಅರ್ಧ ಬರಲಿಲ್ಲ. ವಾರ ಕಳೆಯುವುದರೊಳಗೆ ಮೈಕು ಮಾತೇ ಆಡದಾಯಿತು.

ಹೋಗಿ ಚಾಚಾನಿಗೆ ಹೇಳಬೇಕಿತ್ತು, ಅಷ್ಟೇ. ಬೆಟಗೇರಿಯಲ್ಲೇ ಮನೆ, ನಡೆದುಹೋಗುವ ದೂರ. ಆದರೆ ನಾನು ಹೋಗಲಿಲ್ಲ. 'ಹೇಳಿದ್ದೆನಲ್ಲ ಅಕ್ಕೋರ' ಎಂಬ ಒಂದು ಮಾತು ಕೇಳಬೇಕಾಗುತ್ತದೆ ಎಂದು ಹೋಗಲಿಲ್ಲ. ಹೇಗಿದ್ದರೂ ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಬರೆದುಕೊಟ್ಟಿದ್ದಾರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮತ್ತೆ ಕೂಗಲು ಶುರು ಮಾಡಿದೆ. ಮಗ್ಗದ ಮನೆಯ ಗಂಟಲು, ಇದಕ್ಕೇನಾದೀತು ಎಂದುಕೊಂಡು ಒಂದಿಡೀ ಟರ್ಮು ಕೂಗಿದೆ. ಇವತ್ತು ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನ್ನಿಸುತ್ತದೆ.

ಆ ಟರ್ಮಿನ ನಡುವೆ ಒಂದು ದಿನ ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಚಾಚಾ ಎದುರಾದರು. ಹೆಗಲ ಮೇಲೆ ತಂತಿಯ ಸುರುಳಿ, ಲಕ್ಷ್ಮೇಶ್ವರದ ಯಾವುದೋ ಮದುವೆಗೆ ಹೊರಟಿದ್ದರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

"ಮೈಕ್ ಹೆಂಗೈತ್ರಿ ಅಕ್ಕೋರ?"

"ಛಲೋ ಐತ್ರಿ."

"ದನಿ ಯಾಕ ಕುಂತೈತಿ?"

"ಥಂಡಿ ಆಗೇತ್ರಿ."

ಅವರು ತಂತಿಯ ಸುರುಳಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡರು. ಬಸ್ಸಿನ ಕಂಡಕ್ಟರ್ ಲಕ್ಷ್ಮೇಶ್ವರ, ಲಕ್ಷ್ಮೇಶ್ವರ ಎಂದು ಕರೆಯುತ್ತಿದ್ದ.

"ಆ ಕಡೀ ಸಾಲ ಓದೀರಿಲ್ರಿ?"

"ಓದೀನ್ರಿ ಚಾಚಾ, ಓದೀನಿ," ಎಂದೆ. ಬೇಸರ ಅವರಿಗೆ ಕಾಣುವಂತೆಯೇ ಹೇಳಿದೆ. ಇವರಿಗೆ ಆ ಚೀಟಿಯ ಹೊರತು ಬೇರೆ ಲೋಕವೇ ಇಲ್ಲವೇ ಎಂದು ಮನಸ್ಸಿನಲ್ಲಿ ಗೊಣಗಿದೆ. ಅವರ ಮುಖ ಹಗುರಾಯಿತು. ಓದಿದ್ದರೆ ಆತು ಬಿಡ್ರಿ ಎಂದು ಬಸ್ಸು ಹತ್ತಿದರು.

ಆ ಟರ್ಮು ಮುಗಿಯುವ ಮೊದಲೇ ನನ್ನ ದನಿ ಹೋಯಿತು. ಒಂದು ಬೆಳಿಗ್ಗೆ ಹಾಜರಿ ಕರೆಯಲು ಬಾಯಿ ತೆರೆದರೆ ಬರೀ ಗಾಳಿ. ಡಾಕ್ಟರ್ ಈ ಸಲ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು, ಬೈಯಲೂ ಇಲ್ಲ. ಆಪರೇಷನ್ ಆಯಿತು. ಮರಳಿ ಬಂದದ್ದು ಬೆಳಗಿನ ಹೊತ್ತು ನಾಲ್ಕು ಮಾತಿಗೆ ಸಾಲುವ ಪಿಸುದನಿ, ಮಧ್ಯಾಹ್ನ ದಾಟಿದರೆ ಅದೂ ಇಲ್ಲ. ಪಾಠ ಬಿಟ್ಟೆ. ಕೆಲಸವನ್ನೂ ಬಿಟ್ಟೆ. ಚಾಚಾನ ಅಂಗಡಿ ಇರುವ ರಸ್ತೆಯನ್ನು ಬಿಟ್ಟು ಸುತ್ತು ಹಾಕಿ ಓಡಾಡಿದೆ, ಅವರ ಮೇಲೇ ಸಿಟ್ಟು ಇಟ್ಟುಕೊಂಡು. ಎಲ್ಲ ಗೊತ್ತಿದ್ದವರು ಮಾರಿದ್ದೇಕೆ, ಗಟ್ಟಿಯಾಗಿ ಬೇಡ ಅನ್ನಬಾರದಿತ್ತೇ ಎಂದು... ನನ್ನ ತಪ್ಪಿಗೆ ಯಾರಾದರೂ ಬೇಕಿತ್ತಲ್ಲ. ಅವರು ತೀರಿಕೊಂಡ ಸುದ್ದಿ ತಿಳಿದದ್ದೂ ತಡವಾಗಿ, ಮಣ್ಣಾಗಿ ಎಷ್ಟೋ ದಿನದ ಮೇಲೆ. ಈಗ ಆ ಅಂಗಡಿಯಲ್ಲಿ ಫೋನಿನ ಕವರು ಮಾರುತ್ತಾರೆ. ಕರ್ಣವಿದ್ದ ಜಾಗದಲ್ಲಿ ಎರಡು ಮೊಳೆ ಉಳಿದಿವೆ.

ಇಷ್ಟೆಲ್ಲ ನೆನೆಯುತ್ತ ಡಬ್ಬಿ ಹಿಡಿದು ಕುಳಿತವಳನ್ನು ಕಂಡು ಅಣ್ಣನ ಮಗಳು, ಏನು ಬರೆದೈತಿ ಅತ್ತಿ ಎಂದು ಕೇಳಿದಳು. ಕನ್ನಡಕ ಹಾಕಿಕೊಂಡು ಚೀಟಿ ನೋಡಿದೆ. ದೊಡ್ಡ ದೊಡ್ಡ ಅಕ್ಷರ, ವಯಸ್ಸಾದವರೂ ಓದಬೇಕೆಂದು ಬರೆದದ್ದು. ಮೂರು ಸಾಲು ದಾಟಿದೆ.

ನಾಲ್ಕು, ಹಾಗೇನಾದರೂ ಆದರೆ ಅದು ನಿಮ್ಮ ತಪ್ಪಲ್ಲ. ನಾಚಿಕೆ ಪಡದೆ ಅಂಗಡಿಗೆ ತನ್ನಿ. ಬದಲಿಗೆ ತಂತಿಯ ಮೈಕು ಕೊಡುತ್ತೇನೆ.

ಅದರ ಕೆಳಗೆ, ಅವಸರದಲ್ಲಿ ಗೀಚಿದ್ದು: 'ಅಕ್ಕೋರ, ಜಲ್ದಿ ಬರ್ರಿ. ಅಲ್ಲೀತನಕಾ ಕೂಗಬ್ಯಾಡ್ರಿ.'

ಏನೈತಿ ಅತ್ತಿ, ಜೋರಾಗಿ ಓದು ಎಂದಳು ಅವಳು. ಸಂಜೆಯಾಗಿತ್ತು. ರಸ್ತೆಗೆ ಕೇಳುವ ಹಾಗೆ ಓದಬೇಕೆಂಬುದು ಚಾಚಾನ ಕರಾರು. ಅವರಿಗೆ ನಾನು ಬಾಕಿ ಉಳಿಸಿಕೊಂಡದ್ದು ಈ ಒಂದೇ ಸಾಲು. ಉಸಿರು ತುಂಬಿಕೊಂಡು ಮೊದಲಿನಿಂದ ಕೊನೆಯವರೆಗೆ ಒಂದಕ್ಷರವೂ ಬಿಡದೆ ಓದಿದೆ. ಪಕ್ಕದಲ್ಲೇ ಕುಳಿತಿದ್ದ ಅವಳು ನನ್ನ ತುಟಿಗಳನ್ನೇ ನೋಡುತ್ತಿದ್ದಳು, ಏನೂ ಕೇಳಿಸಲಿಲ್ಲ ಎಂದಳು.