ನಿಲ್ದಾಣ ಕಂಡರೆ ನಿಲ್ಲುವ ಗುಯ್‌ಲಾನ್

ನಮ್ಮ ಚೆಂಗ್ದು ನಗರದ ಒಂಬತ್ತು ಕಣ್ಣಿನ ಸೇತುವೆಯ ಬಳಿಯ ಬಾರುಗಳಲ್ಲಿ ಕುಡಿದವನು ತನ್ನ ಕಾರನ್ನು ತಾನೇ ಓಡಿಸುವಂತಿಲ್ಲ. ಮನೆ ಮುಟ್ಟಿಸಲು ಬಾಡಿಗೆ ಡ್ರೈವರುಗಳು, ತಾವು ವಾಪಸಾಗಲು ಮಡಚುವ ಸೈಕಲ್ ಹಿಡಿದು, ಹೊರಗೆ ಕಾದಿರುತ್ತಾರೆ. ಅವತ್ತು ನನಗೆ ಸಿಕ್ಕವಳು ಪು ಗುಯ್‌ಲಾನ್, ಐವತ್ತು ದಾಟಿದ ಗಟ್ಟಿ ಹೆಂಗಸು. ಸೈಕಲ್ಲನ್ನು ಡಿಕ್ಕಿಗೆ ತುರುಕಿ, ನನ್ನನ್ನು ಹಿಂದಿನ ಸೀಟಿಗೆ ತಳ್ಳಿ ಹೊರಟಳು.

ಸ್ವಲ್ಪ ದೂರ ಹೋಗಿ ಕಾರು ನಿಂತಿತು. ಹೊರಟಿತು, ಮತ್ತೆ ನಿಂತಿತು. ನನಗೆ ಪಿತ್ತ ನೆತ್ತಿಗೇರಿತು.

“ಏನಕ್ಕಾ, ಡ್ರೈವಿಂಗ್ ಬರುತ್ತೋ ಇಲ್ವೋ?”

“ಇಪ್ಪತ್ತೆರಡು ವರ್ಷ ಇದೇ ರೋಡಲ್ಲಿ ಸಿಟಿ ಬಸ್ ಓಡ್ಸಿದೀನಿ ಸಾವ್ಕಾರ್ರೇ. ರಿಟೈರಾಗಿ ಮನೇಲಿ ಕೂತ್ರೆ ಕಾಲು ಜೋಮು ಹಿಡೀತು, ಈ ಕೆಲಸಕ್ಕೆ ಬಂದೆ. ಬಸ್ ಸ್ಟಾಪ್ ಕಂಡ್ರೆ ಆ ಕಾಲೇ ಬ್ರೇಕ್ ಒತ್ತುತ್ತೆ. ನನ್ ಮಾತೆಲ್ಲಿ ಕೇಳುತ್ತೆ?”

“ಹಾಗಾದ್ರೆ ಟಿಕೆಟ್ಟೂ ಹರಿದು ಕೊಡಿ!” ಎಂದು ರೇಗಿದೆ.

ಮೂರನೇ ನಿಲ್ದಾಣದಲ್ಲೂ ನಿಂತಳು. ಕೊನೆಯ ಬಸ್ಸು ಹೋಗಿಯಾಗಿತ್ತು. ಹೋಟೆಲಿನಲ್ಲಿ ಪಾತ್ರೆ ತೊಳೆದು ಬಂದ ಹೆಂಗಸೊಬ್ಬಳು ಒದ್ದೆ ಏಪ್ರನ್ ಹೆಗಲಿಗೆ ಹಾಕಿಕೊಂಡು ಅಲ್ಲಿ ಕಾಯುತ್ತಿದ್ದಳು. ಬಗ್ಗಿ ನೋಡಿದವಳ ಮುಖ ಅರಳಿತು.

“ಅಯ್ಯೋ, ನಲವತ್ತೊಂದನೇ ನಂಬರ್ ಬಸ್ಸಿನ ಅಕ್ಕ! ಎಲ್ಲಿ ಹೋಗ್ಬಿಟ್ರಿ? ನಿಮ್ಮ ಬೈಗುಳ ಇಲ್ದೆ ಬಸ್ಸೇ ಬಣಗುಡ್ತಿದೆ.”

ಗುಯ್‌ಲಾನ್ ಕನ್ನಡಿಯಲ್ಲಿ ನನ್ನ ಮುಖ ನೋಡಿದಳು. ನನಗೇನಾಯಿತೋ, ನಾನೇ ಬಾಗಿಲು ತೆಗೆದೆ.

“ಹತ್ತಮ್ಮಾ.”

ಗುಯ್‌ಲಾನ್‌ಳ ಬೆನ್ನು ನೆಟ್ಟಗಾಯಿತು. ಕಾರಿನ ಗಾಜು ಅದುರುವಂತೆ ಕೂಗಿದಳು:

“ಒಳಗ್ ಸರೀರಿ! ಬಾಗಿಲಲ್ಲೇ ನಿಲ್ಬೇಡಿ, ಒಳಗ್ ಸರೀರಿ!”

ಕಾರಿನ ಯಜಮಾನನಾದ ನಾನು ತೆಪ್ಪಗೆ ಮೂಲೆಗೆ ಸರಿದೆ.