ಅಮ್ಮನ ಮಾತ್ರೆ ಡಬ್ಬಿ

ಹೋದ ತಿಂಗಳು ನಾನು ಡಾಕ್ಟರಾಗಿದ್ದೆ. ಒಂದೇ ದಿನದ ಮಟ್ಟಿಗೆ. (ಬ್ಯಾಂಕಿನಿಂದ ನಿವೃತ್ತಳಾದವಳಿಗೆ ಈ ಪದವಿ ಯಾರು ಕೊಟ್ಟರು ಎಂದು ಕೇಳಬೇಡಿ. ಅಮ್ಮನ ಕಡೆಯಿಂದ ಬಂದ ಆಸ್ತಿ.)

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಹಳಬರಿಗೆಲ್ಲ ಅಮ್ಮನ ಮಾತ್ರೆ ಡಬ್ಬಿ ಗೊತ್ತು. ಬಿಸ್ಕತ್ತಿನ ಹಳೇ ತಗಡಿನ ಡಬ್ಬಿ. ಯಾರ ಮನೆಯಲ್ಲಿ ಜ್ವರ ಬಂದು ಹೋದರೂ ಉಳಿದ ಮಾತ್ರೆ ಅದರೊಳಗೆ ಬಂದು ಬೀಳಬೇಕು. ಡಾಕ್ಟರು ಐದು ದಿನಕ್ಕೆ ಬರೆದರೆ ನಮ್ಮವರು ಎರಡನೇ ದಿನಕ್ಕೇ ಹುಷಾರು. ಮಿಕ್ಕಿದ್ದನ್ನು ಎಸೆಯುವುದುಂಟೇ? "ಔಷಧಿ ದಂಡ ಮಾಡಬಾರದು ಕಣೆ, ಇನ್ನೊಬ್ಬರಿಗಾಗತ್ತೆ" ಅನ್ನುತ್ತಿದ್ದಳು ಅಮ್ಮ.

ಕರಿಬೇವು, ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದ ಹಾಗೆ ಜನ ಮಾತ್ರೆ ಕೇಳಿಕೊಂಡು ಬರುತ್ತಿದ್ದರು. ನಾವು ಮೈಸೂರಿನ ಕಡೆಯವರು. ಪಕ್ಕದಲ್ಲಿ ಕೊಂಕಣಿಯ ಪೈ ಮಾಮಿ, ಎದುರಿಗೆ ಮರಾಠಿಯ ಶಾಂತಾ ಮಾವ್ಶಿ. ಅಮ್ಮ ಹಣೆ ಮುಟ್ಟುವಳು, ನಾಲಿಗೆ ನೋಡುವಳು, ಡಬ್ಬಿ ತೆರೆಯುವಳು. ಮುಚ್ಚಳ ತೆಗೆದಾಗ ಬರುತ್ತಿದ್ದ ಆ ವಾಸನೆ, ಅರ್ಧ ಔಷಧಿ ಅರ್ಧ ಬಿಸ್ಕತ್ತು, ಈಗಲೂ ಮೂಗಿನಲ್ಲಿದೆ.

ಗುಣವಾದವರು ಬಟ್ಟಲಲ್ಲಿ ಏನಾದರೂ ತಿಂಡಿ ತಂದುಕೊಟ್ಟು ಹೋಗುತ್ತಿದ್ದರು. ಅದೇ ಫೀಸು. ಮಾಮಿಯ ಮನೆಯಿಂದ ಹಲಸಿನೆಲೆಯ ಇಡ್ಲಿ, ಮಾವ್ಶಿಯಿಂದ ಪುರಣಪೋಳಿ. ಆ ಕಾರಿಡಾರಿನಲ್ಲಿ ಬಾಗಿಲುಗಳೆಲ್ಲ ತೆರೆದೇ ಇರುತ್ತಿದ್ದವು.

ಅಮ್ಮ ಹೋದಳು. ಡಬ್ಬಿ ಉಳಿಯಿತು. ಉಳಿದ ಮಾತ್ರೆ ಅದಕ್ಕೆ ಹಾಕುವ ಚಟವೂ ಉಳಿಯಿತು.

ಹೀಗಿರುವಾಗ ರೇಣುಕಾ ಬಂದಳು. ವಿಜಯಪುರದ ಕಡೆಯವಳು, ಹಿಂದಿನ ಗಲ್ಲಿಯಲ್ಲಿ ಏಳುತ್ತಿರುವ ಟವರಿನಲ್ಲಿ ಗಾರೆ ಕೆಲಸ. ಅವಳ ಅತ್ತೆ ಒಂದು ಕಾಲಕ್ಕೆ ನಮ್ಮ ಮನೆಯ ಪಾತ್ರೆ ತೊಳೆಯುತ್ತಿದ್ದಳು.

"ಅಕ್ಕಾರ, ನಮ್ಮ ಭಾಗ್ಯಾಗ ಜ್ವರ ಬಿಡವಲ್ದ್ರಿ. ನಿಮ್ಮನ್ಯಾಗ ಡಬ್ಬಿ ಐತಿ ಅಂತ ನಮ್ಮತ್ತಿ ಹೇಳ್ಯಾಳ. ಒಂದೆರಡು ಗುಳಿಗಿ ಕೊಡ್ರಿ."

ಅಮ್ಮನ ಡಬ್ಬಿಯನ್ನು ನೆನೆಸಿಕೊಂಡು ಬಂದವಳಿಗೆ ಇಲ್ಲ ಅನ್ನಲಾದೀತೇ? ಜ್ವರದ ಮಾತ್ರೆ ಅರ್ಧರ್ಧ ಮಾಡಿ ಕೊಟ್ಟೆ. ನನ್ನ ಹಲ್ಲು ಕೀಳಿಸಿದಾಗ ಉಳಿದಿದ್ದ ಆಂಟಿಬಯಾಟಿಕ್ಕೂ ಹಾಗೇ ಅರ್ಧರ್ಧ. ಮಕ್ಕಳಿಗೆ ಯಾವುದಾದರೂ ಅರ್ಧ, ಅದು ಅಮ್ಮನ ಅಳತೆ.

ಮರುದಿನ ಸಂಜೆ ರೇಣುಕಾ ಮತ್ತೆ ಬಾಗಿಲಲ್ಲಿ. ಒಂದು ಕೈಯಲ್ಲಿ ಶೇಂಗಾ ಹೋಳಿಗೆಯ ಬಟ್ಟಲು, ಇನ್ನೊಂದು ಕೈಯಲ್ಲಿ ಪುಟ್ಟ ಮಗಳು ಭಾಗ್ಯಾ. "ಜ್ವರ ಇಳೀತ್ರಿ" ಅಂದಳು. ನಾನು ಉಬ್ಬಿಹೋದೆ. ಎಷ್ಟು ವರ್ಷವಾಗಿತ್ತು ಆ ಬಾಗಿಲಿಗೆ ಹೀಗೊಂದು ಬಟ್ಟಲು ಬಂದು!

ಆದರೆ ಭಾಗ್ಯಾ ಹೋಳಿಗೆಯ ಕಡೆ ನೋಡಲಿಲ್ಲ. ಗೋಡೆಗೆ ಒರಗಿ ಕೂತಳು. ಕಾರ್ಟೂನ್ ಹಾಕಿದೆ, ಅದಕ್ಕೂ ತಲೆ ಎತ್ತಲಿಲ್ಲ. ನನ್ನ ಬಿಪಿ ತೋರಿಸಲು ಕೆಳಗಿನ ಕ್ಲಿನಿಕ್ಕಿಗೆ ಹೊರಟಿದ್ದೆ. ಯಾಕೋ ಮನಸ್ಸು ತಡೆಯಲಿಲ್ಲ, ಅವರನ್ನೂ ಕರೆದುಕೊಂಡು ಹೋದೆ.

ಕ್ಲಿನಿಕ್ ಅಂದರೆ ಒಂದು ಕೋಣೆ, ಒಂದು ಪರದೆ. ಎಕ್ಸ್‌ರೇ ಇಲ್ಲ, ಲ್ಯಾಬ್ ಇಲ್ಲ. ಡಾಕ್ಟರು ಸ್ನೇಹಾ, ಪೈ ಮಾಮಿಯ ಮೊಮ್ಮಗಳು. ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟಳು. ಅಂಗಿ ಎತ್ತಿ ಉಸಿರಾಟ ನೋಡುತ್ತ ಕೂತಳು. ಆಮೇಲೆ ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದು ಪುಟ್ಟ ಮಶೀನಿಗೆ ಹಾಕಿದಳು.

"ಶುಗರ್ರಾ?" ಕೇಳಿದೆ.

"ನಹೀ ಆಂಟಿ, ಸಿಆರ್‌ಪಿ. ಬ್ಯಾಕ್ಟೀರಿಯಾ ಇನ್ಫೆಕ್ಷನ್ ಇದ್ರೆ ಬ್ಲಡ್‌ನಲ್ಲಿ ಇದು ಬಹುತ್ ಜಾಸ್ತಿ ಆಗ್ತದೆ. ವೈರಲ್ ಆದ್ರೆ ಯೂಶುವಲಿ ಅಷ್ಟು ಏರಲ್ಲ. ಸಿರ್ಫ್ ಇದನ್ನೇ ನೋಡಿ ಹೇಳಲಿಕ್ಕೆ ಆಗಲ್ಲ, ಚೆಸ್ಟ್ ಕೂಡ ನೋಡಬೇಕು."

ಮೊದಲಾದರೆ ರಕ್ತ ದಾದರಿನ ಲ್ಯಾಬಿಗೆ ಹೋಗಬೇಕು, ರಿಪೋರ್ಟಿಗೆ ಮರುದಿನ ಬರಬೇಕು. ಕೂಲಿ ಬಿಟ್ಟು ಯಾರು ಬರುತ್ತಾರೆ? ಈಗ ನಾವು ಬೆಂಚಿನ ಮೇಲೆ ಕೂತಿರುವಾಗಲೇ ನಂಬರು ಬಂತು. ಸ್ನೇಹಾಳ ಮುಖ ಬದಲಾಯಿತು.

"ತುಂಬಾ ಹೈ ಇದೆ. ನ್ಯುಮೋನಿಯಾ ಅನ್ನಿಸ್ತದೆ. ಅಭೀ ಹಾಸ್ಪಿಟಲ್‌ಗೆ ಹೋಗಿ. ಏನಾದ್ರೂ ದವಾ ಕೊಟ್ಟಿದ್ರಾ?"

"ಅಕ್ಕಾರು ಕೊಟ್ಟಾರ್ರಿ" ಅಂದಳು ರೇಣುಕಾ, ಹೆಮ್ಮೆಯಿಂದ.

ಸ್ನೇಹಾ ನನ್ನ ಕಡೆ ತಿರುಗಿದಳು. "ಜ್ವರ ಇಳಿದಿದೆ ಆಂಟಿ. ಇನ್ಫೆಕ್ಷನ್ ಇಳಿದಿಲ್ಲ. ಹುಷಾರಾಯ್ತು ಅಂತ ಇನ್ನೆರಡು ದಿನ ಮನೇಲೇ ಇಟ್ಕೊಂಡಿದ್ರೆ..." ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಟ್ಯಾಕ್ಸಿಯಲ್ಲಿ ಮಗು ನನ್ನ ಮಡಿಲಲ್ಲೇ ಇತ್ತು. ಆ ಪುಟ್ಟ ಪಕ್ಕೆಗಳು ಒಳಕ್ಕೆ ಹೋಗಿ ಬರುತ್ತಿದ್ದವು. ಅಷ್ಟು ಹೆದರಿಕೆ ನನಗೆ ಅಮ್ಮನ ಕೊನೆಯ ದಿನಗಳಲ್ಲೂ ಆಗಿರಲಿಲ್ಲ.

ಸರ್ಕಾರಿ ಆಸ್ಪತ್ರೆಯವರು ಕೂಡಲೇ ಸೇರಿಸಿಕೊಂಡರು. ಸರಿಯಾದ ಔಷಧಿ ಸರಿಯಾದ ಅಳತೆಯಲ್ಲಿ ಹೋಯಿತು. ಭಾಗ್ಯಾ ಮನೆಗೆ ಬಂದಿದ್ದಾಳೆ. ಈಗ ನಮ್ಮ ಲಿಫ್ಟಿನ ಗುಂಡಿಗಳನ್ನೆಲ್ಲ ಒತ್ತಿ ಓಡಿಹೋಗುವ ಮಟ್ಟಕ್ಕೆ ಚೇತರಿಸಿಕೊಂಡಿದ್ದಾಳೆ.

ನಿನ್ನೆ ರೇಣುಕಾ ಬಂದಿದ್ದಳು. "ದವಾಖಾನ್ಯಾಗ ಏನೇನೋ ಹಚ್ಚಿದ್ರು ಬಿಡ್ರಿ ಅಕ್ಕಾರ. ಖರೇ ಅಂದ್ರ ನಿಮ್ಮ ಗುಳಿಗಿನ ಕೈ ಹಿಡೀತು."

ನಾನು ಕೂರಿಸಿಕೊಂಡು ಹೇಳಿದೆ. ಮಾತ್ರೆ ಕೊಟ್ಟಿದ್ದೇ ತಪ್ಪು, ಅದರಿಂದಲೇ ರೋಗ ಕಾಣದ ಹಾಗೆ ಅಡಗಿ ಕೂತಿತ್ತು, ಆ ಒಂದು ಹನಿ ರಕ್ತ ಹೇಳದಿದ್ದರೆ ನಿನ್ನ ಮಗಳು ಉಳಿಯುತ್ತಿರಲಿಲ್ಲವೇನೋ ಎಂದೆ. ಅವಳು ನಕ್ಕಳು. "ದೊಡ್ಡ ಮಂದಿ ಹಂಗ ಅಂತೀರಿ. ನಿಮ್ಮ ಅವ್ವಾರೂ ನಂದೇನೂ ಇಲ್ಲ ಅಂತಿದ್ರಂತ."

ಅವಳು ಹೋದ ಮೇಲೆ ಡಬ್ಬಿ ಮುಂದಿಟ್ಟುಕೊಂಡು ಕೂತೆ. ಅಮ್ಮನ ಮೇಲೆ ಸಿಟ್ಟೇನೂ ಬರಲಿಲ್ಲ. ಅವಳ ಕಾಲದಲ್ಲಿ ಈ ಮಶೀನು ಎಲ್ಲಿತ್ತು? ಹಣೆಯ ಮೇಲಿನ ಕೈಯೇ ಎಲ್ಲ. ತಾನಾಗಿಯೇ ಬಿಟ್ಟುಹೋಗುವ ಜ್ವರಗಳೂ ಅವಳ ಹೆಸರಿಗೇ ಜಮೆಯಾಗಿರಬೇಕು. ನಮ್ಮ ಬಾಗಿಲಿಗೆ ಬಂದವರೆಲ್ಲ ಗುಣವಾದವರೇ. ನನಗೆ ಒಬ್ಬೊಬ್ಬರ ಮುಖವೂ ನೆನಪಿದೆ.

ಗುಣವಾಗದವರು ಯಾರಾದರೂ ಬಂದು ಹೇಳಿ ಹೋಗುತ್ತಾರೆಯೇ?