ನಲವತ್ತೊಂದನೆಯ ಕಡತ

ದೆಹಲಿಯ ನಮ್ಮ ಕನ್ನಡ ಬಳಗದ ಆಡಳಿತ ಸಮಿತಿಯ ಮೇಲೆ ನನ್ನದು ನೇರವಾದ ಆರೋಪ. ಕರೋಲ್ ಬಾಗಿನ ನಮ್ಮ ಸಭಾಂಗಣದಲ್ಲಿ, ವೇದಿಕೆಯ ಹಿಂದೆ, ಮುರಿದ ಕುರ್ಚಿಗಳ ಮರೆಯಲ್ಲಿ ಒಂದು ಹಸಿರು ಬಣ್ಣದ ಕಬ್ಬಿಣದ ಬೀರು ನಿಂತಿದೆ. ಅದರೊಳಗೆ ಒಂದು ಕನ್ನಡ ಕಾದಂಬರಿ ಇದೆ. ಅದನ್ನು ನೀವು ಓದಿಲ್ಲ. ಓದದಿರುವುದು ಅಪರಾಧವಲ್ಲ, ಅಭ್ಯಾಸ. ಆದರೆ ಓದದೆಯೇ ಅದರ ಮೇಲೆ ‘ಹಳೆಯ ಪತ್ರವ್ಯವಹಾರ, ನಲವತ್ತೊಂದು ಕಡತ, ವಿಲೇವಾರಿ ಮಾಡಬಹುದು’ ಎಂದು ಷರಾ ಬರೆದಿದ್ದೀರಿ. ಸಭಾಂಗಣದ ನವೀಕರಣ ಶುರುವಾದ ದಿನ ಬೀರುವಿನ ಸಮೇತ ಅದನ್ನು ಗುಜರಿ ಕೊಳ್ಳುವ ಕಬಾಡಿಯವನಿಗೆ ಒಪ್ಪಿಸಲು ತೀರ್ಮಾನಿಸಿದ್ದೀರಿ. ಸ್ವಾಮಿ, ಅದು ಪತ್ರವ್ಯವಹಾರವಲ್ಲ. ಅದರಲ್ಲಿ ಸಹಿ ಹಾಕಿರುವ ಅಧಿಕಾರಿಗಳಲ್ಲಿ ಒಬ್ಬರೂ ಈ ಭೂಮಿಯ ಮೇಲೆ ಹುಟ್ಟಿಲ್ಲ. ಅರ್ಜಿದಾರನಿಗೆ ಆರು ಕೈಗಳಿವೆ.

ಬರೆದವರು ತಿಪ್ಪೇಸ್ವಾಮಿಯವರು. ಹಳಬರು ಅವರನ್ನು ಬಲ್ಲರು. ಹೊಸ ಸದಸ್ಯರಿಗಾಗಿ, ಮತ್ತು ಹಳಬರು ಮರೆತಿರುವುದರಿಂದ, ಮೊದಲಿನಿಂದ ಹೇಳುತ್ತೇನೆ.

ಅವರ ಅಂಗಿಯ ಜೇಬಿನಿಂದ ಸದಾ ಒಂದು ಬಿಳಿಯ ದಾರ ಇಳಿಬಿದ್ದಿರುತ್ತಿತ್ತು. ಎರಡೂ ತುದಿಗೆ ತಗಡು ಸುತ್ತಿದ, ಕಡತಗಳನ್ನು ಪೋಣಿಸುವ ದಾರ. ನೀರಿಗೆ ಸಂಬಂಧಪಟ್ಟ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಅವರು ಸೆಕ್ಷನ್ ಆಫೀಸರ್ ಆಗಿದ್ದರು. ಬಿಡಿ ಹಾಳೆ ಕಂಡರೆ ಅವರ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಮದುವೆಯ ಊಟದಲ್ಲಿ ಪಕ್ಕದವರು ಮಡಿಚಿಟ್ಟ ಆಮಂತ್ರಣ ಪತ್ರಿಕೆಗಳನ್ನೂ ಅವರು ಪೋಣಿಸಿ ಕೊಟ್ಟದ್ದುಂಟು. ಭಾನುವಾರದ ಕನ್ನಡ ತರಗತಿಯಲ್ಲಿ ನಮ್ಮಲ್ಲೊಬ್ಬ ಆ ದಾರವನ್ನು ಹಿಡಿದೆಳೆದು, “ಅಂಕಲ್, ಯೇ ಚಾರ್ಜರ್ ಹೈ ಕ್ಯಾ?” ಎಂದು ಕೇಳಿದ. ತಿಪ್ಪೇಸ್ವಾಮಿಯವರು ನಗಲಿಲ್ಲ. “ಹೂಂ ಕಣಪ್ಪ, ಮನೆಗೆ ಹೋದ ತಕ್ಷಣ ಗೋಡೆಗೆ ಸಿಕ್ಕಿಸ್ಕೋತೀನಿ. ಇಲ್ದಿದ್ರೆ ಸೋಮವಾರ ಆಫೀಸಿಗೆ ಹೋಗೋಕೆ ಆಗಲ್ಲ,” ಎಂದರು. ನಾವು ಒಂದು ವರ್ಷ ಅದನ್ನು ನಂಬಿದ್ದೆವು.

ಆ ತರಗತಿಗೆ ನನ್ನನ್ನು ಕಳಿಸಿದ್ದು ಅಪ್ಪ. ನಾನು ದೆಹಲಿಯಲ್ಲೇ ಹುಟ್ಟಿದವಳು. ಒಂಬತ್ತನೆಯ ವಯಸ್ಸಿನಲ್ಲಿ ನನಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿ ತೆರೆದರೆ ಹಿಂದಿ ಬರುತ್ತಿತ್ತು. ತರಗತಿಗೆ ಪಠ್ಯಪುಸ್ತಕವಿರಲಿಲ್ಲ. ತಿಪ್ಪೇಸ್ವಾಮಿಯವರು ತಾವು ಬರೆದ ವಿಜ್ಞಾನ ಕಥೆಗಳನ್ನೇ ಉಕ್ತಲೇಖನವಾಗಿ ಕೊಡುತ್ತಿದ್ದರು. ಅವರು ಕಥೆಗಳನ್ನು ಬರೆಯುತ್ತಿದ್ದುದೇ ಕಡತದ ರೂಪದಲ್ಲಿ: ಅರ್ಜಿ, ಅದರ ಮೇಲೆ ಟಿಪ್ಪಣಿ, ಟಿಪ್ಪಣಿಯ ಮೇಲೆ ಆಕ್ಷೇಪಣೆ, ಆಕ್ಷೇಪಣೆಗೆ ಸಮಜಾಯಿಷಿ. ಪರಿಣಾಮವಾಗಿ ಅಮ್ಮ ಎನ್ನುವುದರ ನಂತರ ನಾನು ಸ್ಪಷ್ಟವಾಗಿ ಉಚ್ಚರಿಸಿದ ಮೊದಲ ಕನ್ನಡ ಪದ ‘ಸದರಿ’.

ಒಂದು ಬೆಳಿಗ್ಗೆ ನಾನು ತಟ್ಟೆಯನ್ನು ಅಡುಗೆಮನೆಗೆ ಒಯ್ದು, “ಅಮ್ಮ, ಸದರಿ ದೋಸೆ ಸೀದಿದೆ. ಮುಂದಿನ ಕ್ರಮಕ್ಕಾಗಿ ಮಂಡಿಸಿದೆ,” ಎಂದೆ.

ಅಮ್ಮ ಸೌಟು ಹಿಡಿದೇ ಹಾಲಿಗೆ ಬಂದಳು. “ಏನ್ರೀ ಇದು? ಕನ್ನಡ ಕಲಿಸಿ ಅಂತ ಕಳಿಸಿದ್ರೆ ಗುಮಾಸ್ತಿಕೆ ಕಲಿಸಿದಾರಲ್ಲ.”

ಅಪ್ಪ ಪತ್ರಿಕೆಯಿಂದ ತಲೆ ಎತ್ತಲಿಲ್ಲ. “ಭಾಷೆ ಸರಿಯಾಗೇ ಇದೆ. ನೋಡಿದೆ ಅಂತ ಸಹಿ ಹಾಕಿ ಇನ್ನೊಂದು ಹುಯ್ಯಿ.”

ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಓದಿ, ಕಥನತಂತ್ರದ ಬಗ್ಗೆ ದಪ್ಪ ಪುಸ್ತಕಗಳನ್ನೆಲ್ಲ ಮುಗಿಸಿದ ಮೇಲೆ ಒಮ್ಮೆ ತಿಪ್ಪೇಸ್ವಾಮಿಯವರನ್ನು ಕೇಳಿದೆ: ಈ ಕಡತದ ರೂಪವನ್ನು ಆರಿಸಿಕೊಂಡದ್ದರ ಹಿಂದಿನ ಸೌಂದರ್ಯದೃಷ್ಟಿ ಏನು? ಅವರು ಕನ್ನಡಕ ಒರೆಸಿಕೊಂಡರು. “ಅಂಥದ್ದೇನಿಲ್ಲಮ್ಮ ಅಪರ್ಣಾ. ನಂಗೆ ಕಥೆ ಬರೆಯೋಕೆ ಬರಲ್ಲ, ಟಿಪ್ಪಣಿ ಬರೆಯೋಕೆ ಬರುತ್ತೆ. ಬರೋದ್ರಲ್ಲಿ ಬರೆದೆ.” ಅವರ ಕಥೆಗಳ ಬಗ್ಗೆ ನಾನು ಬರೆಯಬೇಕೆಂದಿದ್ದ ಪ್ರಬಂಧದ ಮೂರು ಅಧ್ಯಾಯಗಳು ಅಲ್ಲೇ ಮುಗಿದವು.

ಅವರ ದೃಷ್ಟಿ ಇದ್ದದ್ದು ಬೇರೆ ಕಡೆ. ಭವಿಷ್ಯದ ಬಗ್ಗೆ ಬರೆಯುವವರು ಯಂತ್ರವನ್ನು ಕಾಣುತ್ತಾರೆ. ತಿಪ್ಪೇಸ್ವಾಮಿಯವರು ಆ ಯಂತ್ರ ಕೆಟ್ಟ ದಿನವನ್ನು ಕಾಣುತ್ತಿದ್ದರು. ಯಾರಾದರೂ ಅವರ ಮುಂದೆ ಹಾರುವ ಕಾರಿನ ಮಾತೆತ್ತಿದರೆ, “ಅಚ್ಛಾ, ರಿಪೇರಿ ಯಾರು ಮಾಡ್ತಾರೆ?” ಎಂದು ಕೇಳುತ್ತಿದ್ದರು. ದೆಹಲಿಯ ಮನೆಗಳಲ್ಲಿ ಗಾಳಿ ಶುದ್ಧ ಮಾಡುವ ಪೆಟ್ಟಿಗೆಯ ಹೆಸರನ್ನೂ ಯಾರೂ ಕೇಳಿರದ ಕಾಲದಲ್ಲಿ ಅವರ ಒಂದು ಕಥೆಯಲ್ಲಿ ಅದು ಬಂದಿತ್ತು. ಪೆಟ್ಟಿಗೆಯ ವಿವರಣೆಗೆ ಒಂದೇ ವಾಕ್ಯ. ಉಳಿದ ಹನ್ನೊಂದು ಪುಟಗಳಲ್ಲಿ ಅದರೊಳಗಿನ ಧೂಳು ಸೋಸುವ ಜಾಲರಿಯನ್ನು ಬದಲಿಸಬೇಕಾದವರು ಯಾರು ಎಂದು ಗಂಡ, ಹೆಂಡತಿ, ಅತ್ತೆ ಮೂವರೂ ಲಿಖಿತವಾಗಿ ಜಗಳವಾಡುತ್ತಾರೆ. ಈಗ ಪ್ರತಿ ಚಳಿಗಾಲ ನಮ್ಮ ಮಹಡಿಯ ಮೂರೂ ಮನೆಗಳಲ್ಲಿ ಆ ಕಥೆ ಬಾಯಿಮಾತಿನಲ್ಲಿ ನಡೆಯುತ್ತದೆ. ಇನ್ನೊಂದು ಕಥೆಯಲ್ಲಿ ಜನ ಒಂದು ಯಂತ್ರದ ಮುಂದೆ ಸಾಲು ನಿಂತು ತಾವು ಮನುಷ್ಯರೆಂದು ಸಾಬೀತುಪಡಿಸಬೇಕು. ಯಂತ್ರ ಒಪ್ಪುವುದಿಲ್ಲ. ಮೇಲ್ಮನವಿಯನ್ನೂ ಅದೇ ಯಂತ್ರಕ್ಕೆ ಸಲ್ಲಿಸಬೇಕು. ಅದನ್ನು ಬರೆದುಕೊಳ್ಳುವಾಗ ನಾವು ಮಕ್ಕಳು ಬಿದ್ದು ಬಿದ್ದು ನಕ್ಕಿದ್ದೆವು.

ಅಚ್ಚಾದದ್ದು ಒಂದೇ ಪುಸ್ತಕ: ‘ಯಂತ್ರ ಕೆಟ್ಟ ಮೇಲೆ’. ಅದನ್ನು ಓಖ್ಲಾದ ಒಂದು ಮುದ್ರಣಾಲಯಕ್ಕೆ ಕೊಟ್ಟರು. ಅಲ್ಲಿ ಮುಖ್ಯವಾಗಿ ಕಚೇರಿಗಳ ನಮೂನೆಗಳೂ ರಸೀದಿ ಪುಸ್ತಕಗಳೂ ಅಚ್ಚಾಗುತ್ತಿದ್ದವು. ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಆದರೆ ನಮೂನೆಯನ್ನು ಕಣ್ಣಳತೆಯಲ್ಲೇ ಗುರುತಿಸಬಲ್ಲ ಒಬ್ಬ ಹಿರಿಯ ಮೇಲ್ವಿಚಾರಕರಿದ್ದರು. ಅವರು ಹಾಳೆಗಳನ್ನು ತಿರುವಿ ನೋಡಿದರು. ಮೇಲೆ ಸಂಖ್ಯೆ, ಕೆಳಗೆ ವಿಷಯ, ಅದರ ಕೆಳಗೆ ಉಲ್ಲೇಖ, ಕೊನೆಗೆ ಸಹಿ. ಸರ್ಕಾರಿ ನಮೂನೆಯೇ ಸರಿ ಎಂದು ತೀರ್ಮಾನಿಸಿ, ಗ್ರಾಹಕರ ಅನುಕೂಲಕ್ಕಾಗಿ ಐನೂರು ಪ್ರತಿಗಳನ್ನೂ ಒಂದೇ ಬದಿಗೆ ಅಚ್ಚು ಹಾಕಿ, ಮೇಲಂಚಿಗೆ ಅಂಟು ಹಚ್ಚಿ, ಹರಿಯುವ ಕಡೆ ಸಾಲಾಗಿ ತೂತು ಹೊಡೆದು, ಪ್ರತಿ ಪುಟದ ಮೂಲೆಯಲ್ಲಿ ಮೊಹರಿಗೆಂದು ಒಂದು ಖಾಲಿ ಚೌಕವನ್ನೂ ಬಿಟ್ಟು ಕಳಿಸಿದರು. ಪುಟ ಹಿಡಿದೆಳೆದರೆ ಕಿತ್ತು ಕೈಗೆ ಬರುತ್ತಿತ್ತು.

ಬಿಡುಗಡೆಯ ಸಭೆಯಲ್ಲಿ ಇದು ಬೆಳಕಿಗೆ ಬಂದಾಗ ಅಪ್ಪ ಸಿಟ್ಟಾದರು. “ವಾಪಸ್ ಮಾಡಿ ಸ್ವಾಮಿ. ಇದೇನು ಪುಸ್ತಕವಾ, ಚಲನ್ನಾ?”

ತಿಪ್ಪೇಸ್ವಾಮಿಯವರು ಆಗಲೇ ಮೊದಲ ಪುಟವನ್ನು ನೀಟಾಗಿ ಹರಿದು ಹಿಂದಿನ ಸಾಲಿನವರಿಗೆ ಕೊಡುತ್ತಿದ್ದರು. “ಇರ್ಲಿ ಬಿಡಿ ಸಾರ್. ಓದಿದ ಪುಟ ಇಟ್ಕೊಂಡು ಏನ್ ಮಾಡ್ತೀರಿ? ಮುಂದಿನವರಿಗೆ ರವಾನಿಸಿ.”

ಹಾಗೆಯೇ ಆಯಿತು. ಪುಟಗಳು ಮೆಟ್ರೊದಲ್ಲಿ, ಕಚೇರಿಯ ಊಟದ ಡಬ್ಬಿಗಳ ಜೊತೆಯಲ್ಲಿ, ದೆಹಲಿಯ ಕನ್ನಡಿಗರ ಮನೆಮನೆಗೆ ಹೋದವು. ಇಡೀ ಪುಸ್ತಕ ಯಾರ ಬಳಿಯೂ ಉಳಿಯಲಿಲ್ಲ. ನಮ್ಮ ಮನೆಯಲ್ಲಿ ಹದಿನೇಳನೆಯ ಪುಟದ ನಾಲ್ಕು ಪ್ರತಿಗಳಿವೆ. ಹದಿನೆಂಟಕ್ಕಾಗಿ ನೋಯ್ಡಾಕ್ಕೆ ಹೋಗಬೇಕು. ಗುರುಗ್ರಾಮದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಹುಬ್ಬಳ್ಳಿಯ ಫರ್ಹಾನಾ ಈ ಪುಟಗಳನ್ನು ಹುಡುಕಿ ಜೋಡಿಸುತ್ತಿದ್ದಾಳೆ. ಅವಳ ತಂಡದಲ್ಲಿ ಯಾರು ಹೊಸ ಯೋಜನೆ ಮಂಡಿಸಿದರೂ ಕೊನೆಗೆ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಂತೆ. ಅದಕ್ಕೆ ಅಲ್ಲಿ ‘ಸ್ವಾಮಿ ಕ್ವೆಶ್ಚನ್’ ಎಂದೇ ಹೆಸರು. ಕೇಳುವ ಪಂಜಾಬಿಗಳಿಗಾಗಲಿ ಬಂಗಾಳಿಗಳಿಗಾಗಲಿ ಸ್ವಾಮಿ ಯಾರೆಂದು ತಿಳಿಯದು. ರಿಪೇರಿ ಯಾರು ಮಾಡುತ್ತಾರೆ ಎಂಬ ಪ್ರಶ್ನೆ ಮಾತ್ರ ತಿಳಿದಿದೆ.

ಇನ್ನು ಬೀರುವಿನಲ್ಲಿರುವ ಕಾದಂಬರಿ. ಅದು ಅವರ ಇಪ್ಪತ್ತು ವರ್ಷಗಳ ಕೆಲಸ. ನೀರು ಬತ್ತಿಹೋದ ಒಂದು ಗ್ರಹದಿಂದ ಒಬ್ಬ ಬಂದು ಓಖ್ಲಾದ ಖಾಲಿ ಶೆಡ್ಡಿನಲ್ಲಿ ಇಳಿಯುತ್ತಾನೆ. ಯುದ್ಧ ಮಾಡುವುದಿಲ್ಲ, ಭೂಮಿಯನ್ನು ಆಳಲು ಬಯಸುವುದಿಲ್ಲ. ಒಂದು ಕೊಳಾಯಿ ಸಂಪರ್ಕ ಕೊಡಿ ಎಂದು ಅರ್ಜಿ ಹಾಕುತ್ತಾನೆ. ವಾಸಸ್ಥಳದ ದಾಖಲೆ ಕೇಳುತ್ತಾರೆ. ಅವನು ಆಕಾಶ ತೋರಿಸುತ್ತಾನೆ. ಸೆಕ್ಟರ್ ನಂಬರ್ ಕೇಳುತ್ತಾರೆ. ಹೀಗೆ ಕಡತ ಬೆಳೆಯುತ್ತದೆ. ಮೂವತ್ತನೆಯ ಕಡತದ ಹೊತ್ತಿಗೆ ಅವನಿಗೆ ಕಚೇರಿಯ ಒಳಹೊರಗು ಎಷ್ಟು ತಿಳಿದಿರುತ್ತದೆಂದರೆ, ಸಾಲಿನಲ್ಲಿ ನಿಂತ ಮನುಷ್ಯರು ತಮ್ಮ ಅರ್ಜಿಗಳನ್ನು ಅವನಿಂದಲೇ ಬರೆಸಿಕೊಳ್ಳುತ್ತಾರೆ. ಕಚೇರಿಯ ಮುಂದಿನ ಫುಟ್‌ಪಾತಿನ ಮೇಲೆ ಕೂತು ಅವನು ಆರು ಕೈಗಳಿಂದ ಆರು ಜನರ ಅರ್ಜಿ ತುಂಬುತ್ತಾನೆ. ಅವರಿಗೆಲ್ಲ ನೀರು ಬರುತ್ತದೆ. ಅವನ ಕಡತ ಮಾತ್ರ ಮೇಜಿನಿಂದ ಮೇಜಿಗೆ ಹೋಗುತ್ತಲೇ ಇರುತ್ತದೆ.

ಇದನ್ನು ಅವರು ಭಾನುವಾರಗಳಂದು ಪಾಠ ಮುಗಿದ ಮೇಲೆ ನಮಗೆ ಓದುತ್ತಿದ್ದರು. ನಾವು ಬೆಳೆದೆವು, ಕಾಲೇಜು ಸೇರಿದೆವು, ಆದರೂ ಕೇಳಲು ಹೋಗುತ್ತಿದ್ದೆವು. ನಲವತ್ತನೆಯ ಕಡತವನ್ನು ಓದಿ ಮುಗಿಸಿದ ವಾರ ಸಮಿತಿಯು ಭಾನುವಾರಗಳಂದು ಸಭಾಂಗಣವನ್ನು ಮದುವೆಗಳಿಗೆ ಕೊಡಲು ನಿರ್ಧರಿಸಿತು. ತರಗತಿ ನಿಂತಿತು. ಕೊನೆಯದಾದ ನಲವತ್ತೊಂದನೆಯದನ್ನು ಯಾರೂ ಕೇಳಿಲ್ಲ. ಇದೂ ನನ್ನ ಆರೋಪಪಟ್ಟಿಯಲ್ಲಿದೆ ಎಂದು ತಿಳಿಯತಕ್ಕದ್ದು.

ಅವರನ್ನು ಕೊನೆಯ ಸಲ ಕಂಡದ್ದು ಹೋದ ಚಳಿಗಾಲದಲ್ಲಿ, ಫರೀದಾಬಾದಿನ ಅವರ ಫ್ಲ್ಯಾಟಿನಲ್ಲಿ. ಕಿಟಕಿಯಾಚೆ ಎದುರಿನ ಕಟ್ಟಡ ಕಾಣದಷ್ಟು ಹೊಗೆ. ಮಂಕಿ ಕ್ಯಾಪಿನ ಮೇಲೆ ಕನ್ನಡಕ ಸಿಕ್ಕಿಸಿಕೊಂಡು ಕೂತಿದ್ದರು. ಮಗಳು ತಂದುಕೊಟ್ಟ ಗಾಳಿಯ ಪೆಟ್ಟಿಗೆ ಮೂಲೆಯಲ್ಲಿ ಕೆಂಪು ದೀಪ ಮಿನುಗಿಸುತ್ತ ಸುಮ್ಮನೆ ನಿಂತಿತ್ತು.

“ಅಂಕಲ್, ಅದರ ಫಿಲ್ಟರ್ ಬದಲಿಸಬೇಕು,” ಎಂದೆ.

“ನಂಗೊತ್ತು. ಮಗಳು ಅಳಿಯ ಮಾಡ್ತಾನೆ ಅಂತಾಳೆ, ಅಳಿಯ ಕಂಪನಿಯೋರು ಮಾಡ್ತಾರೆ ಅಂತಾನೆ. ನಾನು ನೋಡ್ತಾ ಇದ್ದೀನಿ.” ಕೆಮ್ಮಿದರು. ಮುಖದಲ್ಲಿ ಅಪಾರ ಸಂತೋಷವಿತ್ತು. “ಕಥೆಯಲ್ಲಿ ಅತ್ತೆ ಒಬ್ಬಳು ಇದ್ದಳು. ಇಲ್ಲಿ ಅದೊಂದು ಕಡಿಮೆ.”

ಕಾದಂಬರಿಯ ಕಡತಗಳಿದ್ದ ಬೀರುವನ್ನು ಅವರು ಬಳಗಕ್ಕೆ ಕೊಟ್ಟು ಆಗಲೇ ಎರಡು ವರ್ಷವಾಗಿತ್ತು. ನಾನು ತಡೆಯಲಾರದೆ ಕೇಳಿದೆ: “ಕೊನೆಗೆ ಅವನಿಗೆ ನೀರು ಸಿಗುತ್ತಾ?”

ಅವರು ಬೇಡವೆಂಬಂತೆ ಕೈಯಾಡಿಸಿದರು. “ಬಾಯಲ್ಲಿ ಹೇಳಿದ್ದಕ್ಕೆ ದಾಖಲೆ ಇರಲ್ಲಮ್ಮ. ಕಡತ ತರಿಸಿ ಓದು.” ಹೊರಡುವಾಗ ಜೇಬಿನ ದಾರವನ್ನು ತೆಗೆದು ನನ್ನ ಕೈಗಿಟ್ಟರು. “ಚಲೋ, ನಂದು ಚಾರ್ಜ್ ಮುಗೀತಾ ಬಂತು. ಇದು ನಿನ್ನ ಹತ್ರ ಇರ್ಲಿ.”

ಮೂರು ವಾರಗಳ ನಂತರ ಅವರು ತೀರಿಕೊಂಡರು. ಬಳಗದ ಶ್ರದ್ಧಾಂಜಲಿ ಸಭೆಯಲ್ಲಿ ಅವರನ್ನು ‘ಸರಳ, ಸಜ್ಜನ, ಸಮಯಪಾಲಕ’ ಎಂದು ವರ್ಣಿಸಲಾಯಿತು. ಅವರು ಲೇಖಕರೆಂದು ಯಾರೂ ಹೇಳಲಿಲ್ಲ.

ಕಳೆದ ತಿಂಗಳು ವಿಲೇವಾರಿ ಪಟ್ಟಿಯನ್ನು ಕಂಡು ನಾನು ಗೌರವ ಕಾರ್ಯದರ್ಶಿ ಪದ್ಮನಾಭಯ್ಯನವರ ಬಳಿಗೆ ಓಡಿದೆ. ಅವರು ಮೊದಲ ಕಡತವನ್ನು ತೆಗೆಸಿ ಮೇಜಿನ ಮೇಲಿಟ್ಟುಕೊಂಡು, ಕೆಂಪು ಶಾಯಿಯಲ್ಲಿ ಆಗಲೇ ಏನೋ ಬರೆದಿದ್ದರು.

“ಈ ಅರ್ಜಿದಾರರು ಯಾರಮ್ಮ? ಕನ್ನಡಿಗರಾ?”

“ಸರ್, ಅವನು ಬೇರೆ ಗ್ರಹದವನು.”

“ಅಂದ್ರೆ ಹೊರಗಿನವರು. ನಮ್ಮ ಬೈಲಾ ಪ್ರಕಾರ ಸಹಸದಸ್ಯತ್ವ ಕೊಡಬಹುದು ಅಷ್ಟೆ. ನೀರಿನ ಸಂಪರ್ಕ ನಮ್ಮ ವ್ಯಾಪ್ತಿಗೆ ಬರಲ್ಲ. ಅದನ್ನೇ ಬರೆದಿದ್ದೀನಿ ನೋಡು.”

“ಇದು ಕಾದಂಬರಿ ಸರ್. ಯಾರೋ ಕೊಟ್ಟ ಅರ್ಜಿ ಅಲ್ಲ.”

ಪದ್ಮನಾಭಯ್ಯನವರಿಗೆ ನಿಜವಾಗಿ ಬೇಸರವಾಯಿತು. “ಕಾದಂಬರಿ ಅಂದ್ರೆ ಕಾದಂಬರಿ ಥರ ಇರ್ಬೇಕು. ಇದ್ರಲ್ಲಿ ಡೈರಿ ನಂಬರ್ ಇದೆ, ಆಕ್ಷೇಪಣೆ ಇದೆ, ಮರುಮಂಡನೆ ಇದೆ. ಮೂವತ್ತೆರಡು ವರ್ಷ ಸೆಕ್ಷನ್‌ನಲ್ಲಿ ಕೂತು ಎದ್ದೋನು ನಾನು. ಅಸಲಿ ಕಡತ ಯಾವುದು ಅಂತ ನಂಗೆ ಗೊತ್ತಾಗಲ್ವಾ?”

ಯಾವ ವಿಮರ್ಶಕನೂ ತಿಪ್ಪೇಸ್ವಾಮಿಯವರಿಗೆ ಇದಕ್ಕಿಂತ ದೊಡ್ಡ ಗೌರವ ಸಲ್ಲಿಸಲಾರ. ಇದನ್ನು ಅವರಿಗೆ ಹೇಳಬೇಕೆಂದು ಒಂದು ಕ್ಷಣ ಫೋನು ತೆಗೆದೇಬಿಟ್ಟೆ. ಆಮೇಲೆ ಒಳಗಿಟ್ಟೆ. ಕಾರ್ಯದರ್ಶಿಗಳು ಕಡತವನ್ನು ಮತ್ತೆ ಬೀರುವಿಗೆ ಸೇರಿಸಿ ಬೀಗ ಹಾಕಿಸಿದರು. ಬೇರೆಯವರ ಅರ್ಜಿಯನ್ನು ಮೂರನೆಯವರಿಗೆ ತೋರಿಸಲು ಅವಕಾಶವಿಲ್ಲವಂತೆ.

ಆದ್ದರಿಂದ ಸಮಿತಿಗೆ ಅರ್ಥವಾಗುವ ಭಾಷೆಯಲ್ಲೇ, ಅಂದರೆ ತಿಪ್ಪೇಸ್ವಾಮಿಯವರೇ ನನಗೆ ಕಲಿಸಿದ ಭಾಷೆಯಲ್ಲಿ, ಬರೆಯುತ್ತಿದ್ದೇನೆ. ಮಾನ್ಯರೇ, ನವೀಕರಣದ ಕೆಲಸಗಾರರು ಒಳಗೆ ಕಾಲಿಡುವ ಮೊದಲು ಸದರಿ ಬೀರುವನ್ನು ಸದಸ್ಯರ ಸಮಕ್ಷಮದಲ್ಲಿ ತೆರೆಯಬೇಕು. ವಿಲೇವಾರಿಯ ಷರಾವನ್ನು ಹೊಡೆದುಹಾಕಿ ‘ಕಾದಂಬರಿ, ಲೇಖಕರು ತಿಪ್ಪೇಸ್ವಾಮಿ’ ಎಂದು ದಾಖಲಿಸಬೇಕು. ಕಡತಗಳ ನಕಲು ತೆಗೆಯಲು ಫರ್ಹಾನಾಳಿಗೂ ನನಗೂ ಅನುಮತಿ ನೀಡಬೇಕು. ನೀಡಲಾಗದಿದ್ದರೆ ಯಾರು ನಿರಾಕರಿಸಿದರು, ಯಾಕೆ ನಿರಾಕರಿಸಿದರು ಎಂದು ಹೆಸರು ಮತ್ತು ಸಹಿಯೊಂದಿಗೆ ಲಿಖಿತವಾಗಿ ತಿಳಿಸಬೇಕು. ಬಾಯಿಮಾತಿನ ಉತ್ತರವನ್ನು ಸ್ವೀಕರಿಸಲಾಗುವುದಿಲ್ಲ. ಹಾಳೆಗಳು ಸಡಿಲಗೊಂಡಿದ್ದರೆ ಪೋಣಿಸಲು ದಾರ ನನ್ನ ಬಳಿ ಇದೆ.

ಅರ್ಜಿದಾರನೊಬ್ಬ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಫುಟ್‌ಪಾತಿನ ಮೇಲೆ ಕಾದಿದ್ದಾನೆ. ಅವನಿಗೆ ನೀರು ಸಿಕ್ಕಿತೇ ಇಲ್ಲವೇ ಎಂಬುದು ನಲವತ್ತೊಂದನೆಯ ಕಡತದಲ್ಲಿದೆ. ದಯವಿಟ್ಟು ಸದರಿ ಕಡತವನ್ನು ತರಿಸಿ, ಓದಿ, ಕೂಡಲೇ ತಿಳಿಸಬೇಕಾಗಿ ಕೋರುತ್ತೇನೆ.